ಎಂ. ಎನ್. ಶ್ರೀನಿವಾಸ್: ಸಂಶೋಧನೆ ಮತ್ತು ಪ್ರಭಾವ

ಮೈಸೂರು ನರಸಿಂಹಾಚಾರ್ ಶ್ರೀನಿವಾಸ್ (16 ನವೆಂಬರ್ 1916 – 30 ನವೆಂಬರ್ 1999): ಮೈಸೂರಿನಲ್ಲಿ ಹುಟ್ಟಿದ ಸಮಾಜಶಾಸ್ತ್ರಜ್ಞ. ಸಂಸ್ಕೃತೀಕರಣ, ಪ್ರಬಲ ಜಾತಿ, ಓಟ್ ಬ್ಯಾಂಕ್ ಎಂಬ ಪರಿಕಲ್ಪನೆಗಳನ್ನು ವಿದ್ವತ್ ಲೋಕಕ್ಕೆ ಕೊಟ್ಟವರು. ಸಮಾಜಶಾಸ್ತ್ರದ ಗಡಿ ದಾಟಿ ರಾಜ್ಯಶಾಸ್ತ್ರ, ಇತಿಹಾಸ, ಗ್ರಾಮೀಣ ಅರ್ಥಶಾಸ್ತ್ರಗಳಲ್ಲೂ ಅವರ ಬರಹಗಳು ಚರ್ಚೆಗೆ ಆಧಾರವಾಗಿವೆ.

ಆರಂಭದ ಅಧ್ಯಯನಗಳು

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿದ ಶ್ರೀನಿವಾಸ್, ಮುಂಬಯಿಯಲ್ಲಿ ಸಮಾಜಶಾಸ್ತ್ರಜ್ಞ ಜಿ. ಎಸ್. ಘುರ್ಯೆ ಅವರ ಶಿಷ್ಯರಾದರು. ಮೈಸೂರು ಸೀಮೆಯ ಮದುವೆ ಹಾಗೂ ಕುಟುಂಬವನ್ನು ಕುರಿತ ಅವರ ಮೊದಲ ಪುಸ್ತಕ 1942ರಲ್ಲಿ ಹೊರಬಂತು. 1945ರಲ್ಲಿ ಆಕ್ಸ್‌ಫರ್ಡಿಗೆ ತೆರಳಿ ಮಾನವಶಾಸ್ತ್ರಜ್ಞರಾದ ರಾಡ್‌ಕ್ಲಿಫ್-ಬ್ರೌನ್, ಬಳಿಕ ಇವಾನ್ಸ್-ಪ್ರಿಚರ್ಡ್ ಅವರ ಬಳಿ ಅಭ್ಯಾಸ ಮಾಡಿದರು. ಕೊಡಗಿನ ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತ ಗ್ರಂಥ 1952ರಲ್ಲಿ ಪ್ರಕಟವಾಯಿತು. ಕೊಡವರ ಒಕ್ಕ (ತಂದೆಯ ಕಡೆಯ ಕೂಡುಕುಟುಂಬ), ಊರು, ನಾಡು ಒಂದೊಂದೂ ತನ್ನ ಒಗ್ಗಟ್ಟನ್ನು ಆಚರಣೆಗಳ ಮೂಲಕ ಹೇಗೆ ಗಟ್ಟಿಮಾಡಿಕೊಳ್ಳುತ್ತದೆ ಎಂಬುದನ್ನು ಆ ಗ್ರಂಥ ತೋರಿಸಿತು. ಸಂಸ್ಕೃತೀಕರಣದ ವಿಚಾರ ವಿದ್ವಾಂಸರ ಗಮನ ಸೆಳೆದದ್ದೂ ಅದರಿಂದಲೇ. ಕೆಳಗಿನ ಜಾತಿಯೊಂದು ಮಾಂಸ, ಮದ್ಯ ಬಿಟ್ಟು, ಮೇಲಿನವರ ಆಚಾರ ಮತ್ತು ದೇವರುಗಳನ್ನು ತನ್ನದಾಗಿಸಿಕೊಂಡು ಒಂದೆರಡು ತಲೆಮಾರಿನಲ್ಲಿ ಮೇಲೇರಲು ಯತ್ನಿಸುವ ಬಗೆಗೆ ಅವರು ಇಟ್ಟ ಹೆಸರು ಅದು.

ರಾಂಪುರ

ಶ್ರೀನಿವಾಸ್ 1948ರಲ್ಲಿ ಮೈಸೂರು ಜಿಲ್ಲೆಯ ಕೊಡಗಹಳ್ಳಿಯಲ್ಲಿ ತಿಂಗಳುಗಟ್ಟಲೆ ನೆಲೆಸಿ ಕ್ಷೇತ್ರಕಾರ್ಯ ನಡೆಸಿದರು. ಬರಹಗಳಲ್ಲಿ ಆ ಊರಿಗೆ ಕೊಟ್ಟ ಹೆಸರು ರಾಂಪುರ. ವರ್ಣವ್ಯವಸ್ಥೆಯನ್ನು ಗ್ರಂಥಗಳಿಂದ ಅರಿಯುವುದಕ್ಕೂ ಜಾತಿಯನ್ನು ಊರಿನಲ್ಲಿ ಕಣ್ಣಾರೆ ಕಾಣುವುದಕ್ಕೂ ಇರುವ ಅಂತರವನ್ನು ಅವರು ಈ ಅನುಭವದ ಬಲದಿಂದ ಒತ್ತಿ ಹೇಳಿದರು. 1959ರ ಪ್ರಬಂಧದಲ್ಲಿ ಅಲ್ಲಿನ ಒಕ್ಕಲಿಗರನ್ನು ಪ್ರಬಲ ಜಾತಿಯೆಂದು ವಿವರಿಸಿದರು: ಜನಬಲ, ಜಮೀನು, ರಾಜಕೀಯ ಹಿಡಿತ, ಆಚಾರದ ಶ್ರೇಣಿಯಲ್ಲಿ ತೀರಾ ಕೆಳಗಿರದ ಸ್ಥಾನ ಒಂದೇ ಕಡೆ ಕೂಡಿದರೆ ಊರಿನ ಅಧಿಕಾರ ಅಲ್ಲಿ ನೆಲೆಯೂರುತ್ತದೆ. 1955ರ ಮತ್ತೊಂದು ಪ್ರಬಂಧ, ಸ್ಥಳೀಯ ಮುಖಂಡರು ತಮ್ಮ ಆಶ್ರಿತರ ಮತಗಳನ್ನು ಮೇಲಿನ ನಾಯಕರಿಗೆ ಒದಗಿಸುವ ಬಗೆಯನ್ನು ಓಟ್ ಬ್ಯಾಂಕ್ ಎಂದು ಕರೆಯಿತು.

1970ರ ಏಪ್ರಿಲ್ 24ರಂದು, ಶ್ರೀನಿವಾಸ್ ಆಗ ಕೆಲಸ ಮಾಡುತ್ತಿದ್ದ ಅಮೆರಿಕದ ಸ್ಟ್ಯಾನ್‌ಫರ್ಡಿನ ಸಂಶೋಧನಾ ಕೇಂದ್ರಕ್ಕೆ ದುಷ್ಕರ್ಮಿಗಳು ಹಚ್ಚಿದ ಬೆಂಕಿಯಲ್ಲಿ, ರಾಂಪುರದ ಬಗ್ಗೆ ವರ್ಷಗಳಿಂದ ಸಂಸ್ಕರಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು ಸುಟ್ಟುಹೋದವು. ಮೂಲ ಟಿಪ್ಪಣಿಗಳು ದೆಹಲಿಯಲ್ಲಿ ಉಳಿದಿದ್ದರೂ, ಮಾನವಶಾಸ್ತ್ರಜ್ಞ ಸೋಲ್ ಟ್ಯಾಕ್ಸ್ ಸಲಹೆಯಂತೆ ಶ್ರೀನಿವಾಸ್ ನೆನಪಿನಿಂದಲೇ ಬರೆಯತೊಡಗಿದರು. 1976ರಲ್ಲಿ ಪ್ರಕಟವಾದ 'ದಿ ರಿಮೆಂಬರ್ಡ್ ವಿಲೇಜ್' ಹೀಗೆ ರೂಪುಗೊಂಡ ಕೃತಿ. ಊರಿನ ಗೌಡರು, ಜೀತದಾಳುಗಳು, ಜಗಳ, ನ್ಯಾಯತೀರ್ಮಾನ, ದನಕರುಗಳ ಮೇಲಿನ ಅಕ್ಕರೆ ಎಲ್ಲವನ್ನೂ ಒಳಗೊಂಡ ಆ ಪುಸ್ತಕ ಹಳ್ಳಿಯ ಅಧ್ಯಯನದ ಶ್ರೇಷ್ಠ ಮಾದರಿಗಳಲ್ಲಿ ಒಂದು.

ಸಂಸ್ಥೆಗಳು, ಶಿಷ್ಯರು

ಶ್ರೀನಿವಾಸ್ 1951ರಲ್ಲಿ ಬರೋಡಾದಲ್ಲಿ, 1959ರಲ್ಲಿ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಸಮಾಜಶಾಸ್ತ್ರ ವಿಭಾಗಗಳನ್ನು ಕಟ್ಟಿದರು. 1972ರಲ್ಲಿ ಬೆಂಗಳೂರಿಗೆ ಬಂದು ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯಲ್ಲಿ ಅರ್ಥಶಾಸ್ತ್ರಜ್ಞ ವಿ. ಕೆ. ಆರ್. ವಿ. ರಾವ್ ಅವರಿಗೆ ಜೊತೆಯಾದರು. ಎ. ಎಂ. ಷಾ, ಎಂ. ಎಸ್. ಎ. ರಾವ್, ಆಂದ್ರೆ ಬೆತೇಯಿ, ವೀಣಾ ದಾಸ್ ಶ್ರೀನಿವಾಸರ ಶಿಷ್ಯರಲ್ಲಿ ಪ್ರಮುಖರು. ತಂಜಾವೂರು ಜಿಲ್ಲೆಯ ಹಳ್ಳಿಯೊಂದರಲ್ಲಿ ಜಾತಿ, ವರ್ಗ, ಅಧಿಕಾರಗಳು ಬೇರೆಬೇರೆಯಾಗುತ್ತಿದ್ದುದನ್ನು ಬೆತೇಯಿ 1965ರಲ್ಲಿ ತೋರಿಸಿದರು. 1977ರಲ್ಲಿ ಶ್ರೀನಿವಾಸರಿಗೆ ಪದ್ಮಭೂಷಣ ಸಂದಿತು.

ವಿಮರ್ಶೆ

ಶ್ರೀನಿವಾಸರ ಪರಿಕಲ್ಪನೆಗಳು ಒಪ್ಪಿಗೆಯಷ್ಟೇ ತಕರಾರಿನಿಂದಲೂ ಬೆಳೆದವು. ಮಾನವಶಾಸ್ತ್ರಜ್ಞ ಎಫ್. ಜಿ. ಬೈಲಿ 1957ರಲ್ಲಿ ಒಡಿಶಾದ ಬಿಸಿಪಾಡಾ ಹಳ್ಳಿಯ ಉದಾಹರಣೆ ಕೊಟ್ಟರು: ಹೆಂಡದ ವ್ಯಾಪಾರದಿಂದ ಹಣ ಗಳಿಸಿದ ಜಾತಿ ಸಂಸ್ಕೃತೀಕರಣದ ಹಾದಿಯಲ್ಲಿ ಮೇಲೇರಿತು, ಅಸ್ಪೃಶ್ಯರು ಅದೇ ಹಾದಿ ಹಿಡಿದಾಗ ತಡೆ ಎದುರಾಯಿತು. ಭಾಷಾವಿದ್ವಾಂಸ ಸ್ಟಾಲ್ 1963ರಲ್ಲಿ ಸಂಸ್ಕೃತೀಕರಣದ ಖಚಿತತೆಯನ್ನೇ ಪ್ರಶ್ನಿಸಿದರು. ಅನುಕರಿಸಬೇಕಾದ ಮಾದರಿ ಬ್ರಾಹ್ಮಣರದೇ ಆಗಬೇಕಿಲ್ಲ, ಕ್ಷತ್ರಿಯರದೋ ಪ್ರಬಲ ಜಾತಿಯದೋ ಆಗಬಹುದೆಂದು ಶ್ರೀನಿವಾಸ್ 1966ರ ಪುಸ್ತಕದಲ್ಲಿ ವ್ಯಾಖ್ಯೆಯನ್ನು ವಿಸ್ತರಿಸಿದರು. ಚಿಂತಕ ಕಾಂಚ ಐಲಯ್ಯ 1996ರಲ್ಲಿ, ಸಮಾಜವೇ ದಲಿತ-ಬಹುಜನರ ಮೌಲ್ಯಗಳನ್ನು ತನ್ನದಾಗಿಸಿಕೊಳ್ಳಬೇಕೆಂಬ ದಲಿತೀಕರಣದ ವಾದವನ್ನು ಎದುರಿಟ್ಟರು. ಮೇಲೇರುವ ಹಂಬಲವನ್ನಷ್ಟೇ ಗಮನಿಸಿದರೆ ಜಾತಿವ್ಯವಸ್ಥೆಯನ್ನೇ ನಿರಾಕರಿಸಿದವರ ಬದುಕು ಮರೆಯಾಗುತ್ತದೆ ಎಂಬ ಆಕ್ಷೇಪಕ್ಕೆ ಸತ್ವವಿದೆ.

ಪ್ರಭಾವದ ಅಳತೆ

ಶ್ರೀನಿವಾಸರ ಪ್ರಭಾವವನ್ನು ಉಲ್ಲೇಖಗಳ ಎಣಿಕೆಯಿಂದ ಅಳೆಯುವುದು ಕಷ್ಟ. ವಿದ್ವಾಂಸರ ಪ್ರಬಂಧಗಳನ್ನು ಇತರರು ಎಷ್ಟು ಸಲ ಉಲ್ಲೇಖಿಸಿದರೆಂದು ಲೆಕ್ಕ ಹಾಕುವ ಸಮಾಜವಿಜ್ಞಾನಗಳ ಉಲ್ಲೇಖ ಸೂಚಿಯನ್ನು ಯೂಜಿನ್ ಗಾರ್‌ಫೀಲ್ಡ್ ಅವರ ಸಂಸ್ಥೆ ಫಿಲಡೆಲ್ಫಿಯಾದಲ್ಲಿ 1973ರಲ್ಲಿ ಆರಂಭಿಸಿತು. ಅಷ್ಟರಲ್ಲಿ ಶ್ರೀನಿವಾಸರ ಮುಖ್ಯ ಪರಿಕಲ್ಪನೆಗಳು ಸುಮಾರು ಎರಡು ದಶಕ ಹಳೆಯವಾಗಿದ್ದವು. ನಿಯತಕಾಲಿಕೆಗಳ ಅಡಿಟಿಪ್ಪಣಿಗಳನ್ನೇ ಹೆಚ್ಚಾಗಿ ಎಣಿಸುವ ಇಂಥ ಸೂಚಿಯಿಂದ ಭಾರತೀಯ ಭಾಷೆಗಳ ಪುಸ್ತಕ, ಪಠ್ಯ, ಪತ್ರಿಕೆಗಳು ಬಹುಮಟ್ಟಿಗೆ ಹೊರಗೆ. ವಿಚಾರವೊಂದು ಎಲ್ಲರಿಗೂ ತಿಳಿದದ್ದಾದ ಮೇಲೆ ಮೂಲ ಲೇಖಕರನ್ನು ಹೆಸರಿಸುವುದನ್ನೇ ಬಿಡುತ್ತಾರೆ ಎಂದು ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಗುರುತಿಸಿದ್ದರು. ಶ್ರೀನಿವಾಸರಿಗೆ ಇದು ಪೂರ್ತಿ ಅನ್ವಯಿಸುತ್ತದೆ. ಚುನಾವಣೆ ಬಂತೆಂದರೆ ಕರ್ನಾಟಕದ ಪತ್ರಿಕೆಗಳು ಒಕ್ಕಲಿಗ, ಲಿಂಗಾಯತ ಪ್ರಬಲ ಜಾತಿಗಳ ಮಾತೆತ್ತುತ್ತವೆ, ಪಕ್ಷಗಳು ಓಟ್ ಬ್ಯಾಂಕಿನ ಲೆಕ್ಕ ಹಾಕುತ್ತವೆ. ಶ್ರೀನಿವಾಸರ ಹೆಸರು ಅಲ್ಲಿ ಬರುವುದು ಅಪರೂಪ. ಉಲ್ಲೇಖಗಳ ಸಂಖ್ಯೆಯೊಂದನ್ನೇ ನೆಚ್ಚಿ ಅವರ ಕೊಡುಗೆಯನ್ನು ತೂಗಿದರೆ, ಒಂದು ಸಮಾಜಕ್ಕೆ ತನ್ನನ್ನು ತಾನು ವಿವರಿಸಿಕೊಳ್ಳುವ ದಾರಿ ತೋರಿದ ಅವರ ದೊಡ್ಡ ಕೆಲಸವೇ ಲೆಕ್ಕದಿಂದ ತಪ್ಪಿಹೋಗುತ್ತದೆ.