ಗಂಜಿಯ ಪದರ

ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳಿಗೆ ನಿಷೇಧ ಬಂದದ್ದು 2016ರ ಮಾರ್ಚ್‌ನಲ್ಲಿ. ಅವುಗಳ ಬದಲಿಗೆ ಪಿಷ್ಟ, ಪ್ರೋಟೀನುಗಳಿಂದ ತಯಾರಿಸಿದ, ಮಣ್ಣಿನಲ್ಲಿ ಕರಗುವ ತೆಳುಹಾಳೆಗಳು ಬರಬೇಕೆನ್ನುತ್ತಾರೆ. ಇದನ್ನು ಹೊಸ ವಿದ್ಯೆ ಎಂದಾಗಲೆಲ್ಲ ನನಗೆ ಉಡುಪಿ ಸೀರೆಯ ಮಗ್ಗ ನೆನಪಾಗುತ್ತದೆ.

ಈ ಸೀಮೆಯ ಪದ್ಮಶಾಲಿ ನೇಕಾರರು ಹಾಸಿನ ನೂಲಿಗೆ ಅಕ್ಕಿ ಗಂಜಿ ಹಚ್ಚಿ ಒಣಗಿಸುತ್ತಿದ್ದರು. ಬೇಯುವಾಗ ಪಿಷ್ಟದ ಕಣಗಳು ನೀರು ಹೀರಿ ಒಡೆಯುತ್ತವೆ. ಆರಿದಾಗ ಅದರ ಉದ್ದನೆಯ ಅಣುಗಳು ಒಂದಕ್ಕೊಂದು ಅಂಟಿ ಪದರವಾಗುತ್ತವೆ. ಹಣಿಗೆ, ಲಾಳಿಗಳ ಉಜ್ಜಾಟದಿಂದ ಎಳೆಯನ್ನು ಕಾಯುತ್ತಿದ್ದದ್ದು ಆ ಪದರ. ಪ್ರಯೋಗಾಲಯದ ಪಿಷ್ಟದ ಹಾಳೆ ಹುಟ್ಟುವುದೂ ಹೀಗೆಯೇ.

ಕಷ್ಟಗಳೂ ಅವೇ. ತೀರ ಒಣಗಿದರೆ ಪಿಷ್ಟ ಮುರಿಯುತ್ತದೆ, ತೇವ ಹೀರಿದರೆ ಮೆತ್ತಗಾಗುತ್ತದೆ. ಹಾಳೆ ಬಾಗಲೆಂದು ವಿಜ್ಞಾನಿಗಳು ಗ್ಲಿಸರಿನ್ ಬೆರೆಸುತ್ತಾರೆ. ಎಳೆ ಬಿರುಸಾಗದಿರಲೆಂದು ಗಂಜಿಗೆ ತೆಂಗಿನೆಣ್ಣೆ ಸೇರಿಸುವುದು ದಕ್ಷಿಣದ ಕೈಮಗ್ಗಗಳ ವಾಡಿಕೆ. ಆಟಿಯ ಮಳೆಯಲ್ಲಿ ಗಂಜಿ ಹಚ್ಚಿದ ನೂಲು ಒಣಗುವುದೇ ಕಷ್ಟ.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಮುಂದೆ ನೇಯ್ಗೆ ಕಾರ್ಖಾನೆ ತೆರೆದು ಸುಧಾರಿತ ಮಗ್ಗಗಳನ್ನು ತಂದಿತು; ಆಗಲೂ ಗಂಜಿ ಉಳಿಯಿತು. ಕೈಮಗ್ಗವನ್ನೇ ಮೂಲೆಗೆ ತಳ್ಳಿದ್ದು ಮಿಲ್ ಬಟ್ಟೆ, ಪಾಲಿಯೆಸ್ಟರ್. ಕೊನೆಗೆ ಬೆರಳೆಣಿಕೆಯ ನೇಕಾರರು ಉಳಿದರು. 2018ರಿಂದ ಕಾರ್ಕಳದ ಕದಿಕೆ ಟ್ರಸ್ಟ್ ತಾಳಿಪಾಡಿ ನೇಕಾರರ ಸಂಘದೊಂದಿಗೆ ಸೇರಿ ಉಡುಪಿ ಸೀರೆಗೆ ಮರುಜೀವ ಕೊಡುತ್ತಿದೆ.

ಪಿಷ್ಟದ ಹಾಳೆ ಪ್ಲಾಸ್ಟಿಕ್ಕಿನಷ್ಟು ಬಾಳುವುದಿಲ್ಲ ಎಂಬ ದೂರು ನ್ಯಾಯವೆಂದು ನನಗನಿಸುವುದಿಲ್ಲ. ನೂಲಿನ ಗಂಜಿ ಒಗೆತದಲ್ಲಿ ನೀರುಪಾಲಾಗುತ್ತಿತ್ತು. ಅಷ್ಟರಲ್ಲಿ ಸೀರೆ ನೇಯ್ದು ಮುಗಿದಿರುತ್ತಿತ್ತು. ಹತ್ತು ನಿಮಿಷ ಮೀನು ಹೊರುವ ಚೀಲ ಎಷ್ಟು ವರ್ಷ ಬಾಳಬೇಕು? ನೇಕಾರರಿಗೆ ಗೊತ್ತಿದ್ದ ಈ ಲೆಕ್ಕವನ್ನು ನಾವು ಮತ್ತೆ ಕಲಿಯಬೇಕಾಗಿದೆ.