ಫ್ಯಾನಿನ ರೆಕ್ಕೆ ಮೇಲೆ ಹೆಸರಿಲ್ಲದವರು



ಚರ್ಚಿನವರ ಸೇವೆ ಅಂದ್ರೆ ಬ್ರೆಡ್ಡು, ಹಳೇ ಬಟ್ಟೆ ಹಂಚೋದು ಅಂತ ಮೊನ್ನೆ ಗೆಳೆಯರೊಬ್ಬರು ನಕ್ಕರು. ಅವರಿಗೆ ಹೇಳಿದ ಚರಿತ್ರೆಯನ್ನೇ ಇಲ್ಲಿ ಬರೀತಿದ್ದೀನಿ.

ಅಮೆರಿಕದ ಮಾಂಟ್ಗೊಮರಿ ನಗರ. 1955ರ ಡಿಸೆಂಬರ್ 1ರಂದು ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಡದ ರೋಸಾ ಪಾರ್ಕ್ಸ್ ಬಂಧನವಾಯ್ತು. 5ರಿಂದ ಕಪ್ಪು ಜನ ಬಸ್ ಹತ್ತೋದನ್ನೇ ಬಿಟ್ಟರು. ಇದು ಎಲ್ಲರಿಗೂ ಗೊತ್ತು. ಆದ್ರೆ ಅಷ್ಟೂ ಜನ 381 ದಿನ ಕೆಲಸಕ್ಕೆ ಹೋಗಿದ್ದು ಹೇಗೆ? ಎಷ್ಟೋ ಮಂದಿ ನಡೆದರು. ಉಳಿದವರಿಗೆ ಚರ್ಚಿನ ಸದಸ್ಯರು ಕಾರು ಓಡಿಸಿದರು. ಚರ್ಚುಗಳ ಹೆಸರಲ್ಲೇ ಗಾಡಿ ಕೊಂಡರು. ಪೆಟ್ರೋಲಿಗೆ ದುಡ್ಡು?

ಜಾರ್ಜಿಯಾ ಗಿಲ್ಮೋರ್ ಅಂತ ಒಬ್ಬ ಅಡುಗೆಯಾಕೆ. ಚರ್ಚಿನ ಸಭೆಗಳಲ್ಲಿ ಕರಿದ ಕೋಳಿಯ ಸ್ಯಾಂಡ್‌ವಿಚ್ ಮಾರಿದರು. ಆಮೇಲೆ ಬೇರೆ ಹೆಂಗಸರನ್ನೂ ಸೇರಿಸಿಕೊಂಡು ಕೇಕು, ಪೈ ಮಾಡಿ ಮನೆಮನೆಗೆ ಮಾರಿ, ಬಂದದ್ದನ್ನು ಹೋರಾಟಕ್ಕೆ ಕೊಟ್ಟರು. ಅವರಲ್ಲಿ ಅನೇಕರು ಬಿಳಿಯರ ಮನೆಗೆಲಸದವರು, ಹೆಸರು ಹೊರಬಿದ್ರೆ ಕೆಲಸ ಹೋಯ್ತು. ಅದಕ್ಕೇ ಸಂಘಕ್ಕೆ 'ಕ್ಲಬ್ ಫ್ರಂ ನೋವೇರ್' ಅಂತ ಹೆಸರಿಟ್ಟರು. ದುಡ್ಡು ಎಲ್ಲಿಂದ ಬಂತು? ಎಲ್ಲಿಂದಲೂ ಇಲ್ಲ!

ದೇವಸ್ಥಾನಕ್ಕೊಂದು ಫ್ಯಾನ್ ಕೊಟ್ಟು ರೆಕ್ಕೆ ಮೇಲೂ ಹೆಸರು ಬರೆಸೋ ನಾಡು ನಮ್ಮದು. ದಿನಾ ರಸೀದಿ ಬರೆಯೋ ಗುಮಾಸ್ತ ನಾನು. ಹೆಸರೇ ಇಲ್ಲದ ಈ ಲೆಕ್ಕ ನನ್ನನ್ನ ಬಿಡ್ತಾನೇ ಇಲ್ಲ. ಇದು ದಾನ ಅಲ್ಲ, ವಂತಿಗೆ. ದಾನ ತಗೋಬೇಕಾದವರೇ ಹಾಕಿದ ವಂತಿಗೆ.

1956ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮೇಲಿನ ಕೇಸಲ್ಲಿ ಸಾಕ್ಷಿ ಹೇಳಿದ ಗಿಲ್ಮೋರ್ ಕೆಲಸ ಕಳಕೊಂಡರು. ಮನೆಯಲ್ಲೇ ಅಡುಗೆ ಮಾಡಿ ಬಡಿಸತೊಡಗಿದರು. ಕಿಂಗ್ ಕೂಡ ಅಲ್ಲಿ ಉಂಡವರೇ.

ನಮ್ಮ ಜಾಥಾಗಳಿಗೆ ಕೇರಿಯಲ್ಲಿ ರೊಟ್ಟಿ ಬಡಿದುಕೊಟ್ಟ ತಾಯಂದಿರ ಹೆಸರು ಯಾರಾದ್ರೂ ಬರೆದಿಟ್ಟಿದ್ದೀರಾ?