ಕಮಾಂಡ್ ಲೈನ್‌ನಲ್ಲಿ ಡಿಲೀಟ್ ಮಾಡಿದ ಫೈಲ್ ಎಲ್ಲಿಗೆ ಹೋಗುತ್ತದೆ?

"ಫೋನ್ ಸ್ಲೋ ಆಗಿದೆಯಾ? ಈ ಸಾಲು ಕಾಪಿ ಮಾಡಿ, ಟರ್ಮಿನಲ್‌ನಲ್ಲಿ ಪೇಸ್ಟ್ ಮಾಡಿ, ಕಸವೆಲ್ಲ ಕ್ಲೀನ್!" ಇಂಥ ಸಲಹೆ ಬಂದರೆ, ಆ ಸಾಲು 'ಆರ್‌ಎಂ' ಎಂಬ ಎರಡು ಅಕ್ಷರದಿಂದ ಶುರುವಾಗುತ್ತದೆಯೇ ನೋಡಿ. ಗೊತ್ತಿಲ್ಲದವರ ಕೈಯಿಂದಲೇ ಅವರ ಫೈಲ್ ಅಳಿಸಿಸುವುದು ಇಂಟರ್ನೆಟ್‌ನ ಹಳೆಯ ಕೀಟಲೆ.

ಆರ್‌ಎಂ ಅಂದರೇನು?

ಐಕಾನ್ ಒತ್ತುವ ಬದಲು ಆದೇಶ ಟೈಪ್ ಮಾಡುವ ಕಪ್ಪು ಪರದೆಯೇ ಕಮಾಂಡ್ ಲೈನ್. ಯಶವಂತಪುರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಶುರುವಾದ 'ಪರಮ್ ಪ್ರವೇಗ' ಸೂಪರ್ ಕಂಪ್ಯೂಟರ್ ನಡೆಯುವುದು ಲಿನಕ್ಸ್‌ನಲ್ಲಿ. ಅಂಥ ಯಂತ್ರಗಳಲ್ಲಿ ಫೈಲ್ ಅಳಿಸುವ ಆದೇಶ ಆರ್‌ಎಂ, ಅಂದರೆ 'ರಿಮೂವ್'. 1971ರ ಮೊದಲ ಯುನಿಕ್ಸ್ ಕೈಪಿಡಿಯಲ್ಲೇ ಇದು ಇದೆ. ನಿಮ್ಮ ಆಂಡ್ರಾಯ್ಡ್ ಫೋನಿನ ಒಳಗೂ ಇರುವುದು ಲಿನಕ್ಸ್ ಕರ್ನಲ್ಲೇ. ಹಾಗಾಗಿ ಟರ್ಮಕ್ಸ್‌ನಂಥ ಆ್ಯಪ್‌ನಲ್ಲಿ ಅದೇ ಆದೇಶ ಕೆಲಸ ಮಾಡುತ್ತದೆ.

ಬರೀ ಆರ್‌ಎಂ ಫೈಲನ್ನು ಮಾತ್ರ ಅಳಿಸುತ್ತದೆ, ಫೋಲ್ಡರ್ ಮುಟ್ಟುವುದಿಲ್ಲ. ಜೊತೆಗೆ 'ಮೈನಸ್ ಆರ್' ಸೇರಿಸಿದರೆ ಫೋಲ್ಡರ್, ಅದರೊಳಗಿನ ಫೋಲ್ಡರ್ ಎಲ್ಲವೂ ಹೋಗುತ್ತವೆ. 'ಎಫ್' ಸೇರಿಸಿದರೆ "ಖಚಿತವೇ?" ಎಂದು ಕೇಳುವುದೂ ಇಲ್ಲ. ನಕ್ಷತ್ರ ಚಿಹ್ನೆಗೆ 'ಏನಿದ್ದರೂ ಸರಿ' ಎಂಬ ಅರ್ಥ. 'ಫೋಟೋ*' ಎಂದು ಬರೆದರೆ ಫೋಟೋ ಎಂದು ಶುರುವಾಗುವ ಫೈಲ್‌ಗಳು ಮಾತ್ರ ಅಳಿಯುತ್ತವೆ. 'ಫೋಟೋ *' ಎಂದು ನಡುವೆ ಒಂದು ಸ್ಪೇಸ್ ಬಿದ್ದರೆ ಆ ಜಾಗದ ಎಲ್ಲ ಫೈಲ್‌ಗಳೂ ಅಳಿಯುತ್ತವೆ.

ತಪ್ಪು ನಂಬಿಕೆ 1: ರಿಸೈಕಲ್ ಬಿನ್‌ನಲ್ಲಿ ಸಿಗುತ್ತದೆ

ಸಿಗುವುದಿಲ್ಲ. ಬಿನ್ ಎನ್ನುವುದು ಐಕಾನ್ ಲೋಕದ ಸೌಲಭ್ಯ. ಆರ್‌ಎಂ ಅದನ್ನು ದಾಟಿ ನೇರವಾಗಿ ಅಳಿಸುತ್ತದೆ. 1998ರಲ್ಲಿ ಪಿಕ್ಸರ್ ಸ್ಟುಡಿಯೋದಲ್ಲಿ ಇಂಥದ್ದೇ ಒಂದು ಆದೇಶದಿಂದ 'ಟಾಯ್ ಸ್ಟೋರಿ 2' ಚಿತ್ರದ ಫೈಲ್‌ಗಳು ಕಣ್ಣೆದುರೇ ಮಾಯವಾಗತೊಡಗಿದವು. ಬ್ಯಾಕಪ್ ಕೂಡ ಕೈಕೊಟ್ಟಿತ್ತು. ಮಗು ಹುಟ್ಟಿದ್ದರಿಂದ ಮನೆಯಿಂದ ಕೆಲಸ ಮಾಡುತ್ತಿದ್ದ ಒಬ್ಬ ಉದ್ಯೋಗಿಯ ಕಂಪ್ಯೂಟರಿನಲ್ಲಿದ್ದ ಪ್ರತಿಯೇ ಚಿತ್ರವನ್ನು ಉಳಿಸಿತು.

ತಪ್ಪು ನಂಬಿಕೆ 2: ಅಳಿಸಿದ ಮೇಲೆ ಗುರುತೇ ಉಳಿಯುವುದಿಲ್ಲ

ಇದೂ ಪೂರ್ತಿ ನಿಜವಲ್ಲ. ಆರ್‌ಎಂ ಅಳಿಸುವುದು ಫೈಲಿನ ಹೆಸರು, ವಿಳಾಸವನ್ನು. ಡೈರಿಯಿಂದ ವಿಳಾಸ ಹೊಡೆದುಹಾಕಿದರೂ ಮನೆ ಅಲ್ಲೇ ಇರುವಂತೆ, ಹಳೆಯ ಹಾರ್ಡ್ ಡಿಸ್ಕ್‌ನಲ್ಲಿ ಹೊಸ ಮಾಹಿತಿ ಬಂದು ಕೂರುವವರೆಗೆ ಹಳೆಯದು ಉಳಿದಿರುತ್ತದೆ, ಸಾಫ್ಟ್‌ವೇರ್ ಅದನ್ನು ಹೊರತೆಗೆಯಬಲ್ಲದು. ಹಾಗಾಗಿ ಬರೀ ಡಿಲೀಟ್ ಮಾಡಿ ಹಾರ್ಡ್ ಡಿಸ್ಕ್ ಮಾರಬೇಡಿ. ಇಂದಿನ ಫೋನ್‌ಗಳ ಕಥೆ ಬೇರೆ. ಖಾಲಿಯಾದ ಜಾಗವನ್ನು ಫೋನ್ ತಾನೇ ಸ್ವಚ್ಛಗೊಳಿಸುತ್ತದೆ, ಮಾಹಿತಿಯೂ ಎನ್‌ಕ್ರಿಪ್ಟ್ ಆಗಿರುತ್ತದೆ. 'ರಿಕವರಿ' ಆ್ಯಪ್‌ಗಳನ್ನು ನಂಬಿ ಕೂರುವಂತಿಲ್ಲ.

ತಪ್ಪು ನಂಬಿಕೆ 3: ಒಂದು ಸಾಲಿಗೆ ಇಡೀ ಫೋನೇ ಸತ್ತುಹೋಗುತ್ತದೆ

ರೂಟ್ ಮಾಡದ ಫೋನ್‌ನಲ್ಲಿ ಸಾಮಾನ್ಯ ಆ್ಯಪ್ ಸಿಸ್ಟಂ ಫೈಲ್ ಮುಟ್ಟಲಾರದು. ಆದರೆ ಆ ಆ್ಯಪ್‌ಗೆ ನೀವು ಸ್ಟೋರೇಜ್ ಅನುಮತಿ ಕೊಟ್ಟಿದ್ದರೆ ಮದುವೆ ಫೋಟೋ, ಮಕ್ಕಳ ವಿಡಿಯೋ, ಡೌನ್‌ಲೋಡ್ ಮಾಡಿಟ್ಟ ಮಾರ್ಕ್ಸ್ ಕಾರ್ಡ್ ಹೋಗಬಹುದು. ಫೋನ್ ಉಳಿದರೂ ನಷ್ಟ ನಿಮ್ಮದೇ.

ಹಾಗಾದರೆ ಏನು ಮಾಡಬೇಕು?

• ಅರ್ಥವಾಗದ ಆದೇಶ ಪೇಸ್ಟ್ ಮಾಡಬೇಡಿ, ಫಾರ್ವರ್ಡ್ ಕೂಡ ಮಾಡಬೇಡಿ.
• ಕಲಿಯುತ್ತಿದ್ದರೆ ಮೊದಲು 'ಎಲ್‌ಎಸ್' ಆದೇಶದಿಂದ ಯಾವ ಫೈಲ್‌ಗಳು ಅಳಿಯಲಿವೆ ಎಂದು ನೋಡಿಕೊಳ್ಳಿ.
• 'ಆರ್‌ಎಂ ಮೈನಸ್ ಐ' ಬಳಸಿ. ಪ್ರತಿ ಫೈಲಿಗೂ ಅನುಮತಿ ಕೇಳುತ್ತದೆ.
• ಖಾಲಿ ಫೋಲ್ಡರ್‌ಗೆ 'ಆರ್‌ಎಂಡಿಐಆರ್' ಸಾಕು. ಒಳಗೆ ಏನಾದರೂ ಇದ್ದರೆ ಅದು ಅಳಿಸುವುದೇ ಇಲ್ಲ.
• ಕಂಪ್ಯೂಟರಿನಲ್ಲಿ ತಪ್ಪಿ ಅಳಿಸಿದರೆ ಆ ಡಿಸ್ಕ್ ಬಳಸುವುದನ್ನು ತಕ್ಷಣ ನಿಲ್ಲಿಸಿ.
• ಮುಖ್ಯವಾದದ್ದರ ಇನ್ನೊಂದು ಪ್ರತಿ ಬೇರೆ ಕಡೆ ಇರಲಿ. ಅದು ತೆರೆಯುತ್ತದೆಯೇ ಎಂದು ಆಗಾಗ ನೋಡಿ.

ಫೋನ್‌ನಲ್ಲಿ ಜಾಗ ಬೇಕಿದ್ದರೆ ಸೆಟ್ಟಿಂಗ್ಸ್‌ನ ಸ್ಟೋರೇಜ್ ವಿಭಾಗವೇ ಸಾಕು. ನಮ್ಮ ತೀರ್ಮಾನ: ಆರ್‌ಎಂ ವೈರಸ್ ಅಲ್ಲ, ಹರಿತವಾದ ಮಚ್ಚು. ಏನು ಕಡಿಯುತ್ತಿದ್ದೇವೆಂದು ಗೊತ್ತಿದ್ದವರು ಮಾತ್ರ ಕೈಗೆತ್ತಿಕೊಳ್ಳಬೇಕು.